ಸಿಎಂಎಸ್‌ಗೆ ಹೊರಗಿನ ಆ್ಯಪ್ ಜೋಡಿಸುವ ಮೊದಲು ಒಂದು ಹಾಳೆ, ಒಂದು ಪೆನ್ನು

ನಾನು ಮೂಲತಃ ಕಾಪಿ ಡೆಸ್ಕಿನವಳು. ಒತ್ತಕ್ಷರ ತಪ್ಪಿದ್ದನ್ನು ಹಿಡಿಯುವುದು, ಉದ್ದದ ತಲೆಬರಹ ಕತ್ತರಿಸುವುದು, ಇಷ್ಟೇ ನನ್ನ ಕೆಲಸವಾಗಿತ್ತು. ನಮ್ಮ ತಂಡ ಕ್ಲೌಡ್ ಸಿಎಂಎಸ್‌ಗೆ, ಅಂದರೆ ಲೇಖನಗಳನ್ನು ಬರೆದು, ಇಟ್ಟು, ಪ್ರಕಟಿಸುವ ಆನ್‌ಲೈನ್ ವ್ಯವಸ್ಥೆಗೆ, ಬಂದ ಮೇಲೆ ಸರ್ಚ್, ನ್ಯೂಸ್‌ಲೆಟರ್, ಅನುವಾದದ ಟೂಲ್ ಎಲ್ಲವನ್ನೂ ಅದಕ್ಕೆ ಜೋಡಿಸಬೇಕಾಯಿತು. "ಒಂದು ಎಪಿಐ ಕೀ ಹಾಕಿದ್ರೆ ಮುಗೀತಂತೆ, ನೀವೇ ನೋಡ್ಬಿಡಿ ಮೇಡಂ" ಎಂದರು ತಂಡದವರು. ಎಪಿಐ ಎಂದರೆ ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ಬಾಗಿಲು, ಕೀ ಎಂದರೆ ಆ ಬಾಗಿಲು ತೆರೆಯುವ ಗುಟ್ಟಿನ ಅಕ್ಷರಸಾಲು. ನೋಡಿದೆ. ಕೀ ಹಾಕಿದೆ. ಹನ್ನೊಂದು ದಿನ ಎಲ್ಲ ಚೆನ್ನಾಗಿಯೇ ನಡೆಯಿತು.

ಹನ್ನೆರಡನೇ ದಿನ ಬೆಳಿಗ್ಗೆ ಡೆಸ್ಕಿನಿಂದ ಫೋನ್. "ಮೇಡಂ, ಹಳೇ ಲೇಖನಗಳಲ್ಲಿ ಬರೆದವರ ಹೆಸರೇ ಕಾಣ್ತಿಲ್ಲ. ಫೋಟೋ ಕೆಳಗಿನ ಸಾಲೂ ಇಲ್ಲ." ಸಿಎಂಎಸ್ ತೆರೆದು ನೋಡಿದೆ. ಪುಟದಲ್ಲಿ ಕಾಣದೇ ಇರುವುದು ಮಾತ್ರ ಅಲ್ಲ, ಒಳಗೇ ಅಳಿಸಿಹೋಗಿದ್ದವು. ಅಳಿಸಿದ್ದು ನನ್ನದೇ ಕೋಡ್.

ಆ ಕಥೆಗೆ ಆಮೇಲೆ ಬರುತ್ತೇನೆ. ಅದಾದ ಮೇಲೆ ನಾನು ಕೀ ಹಾಕುವ ಮೊದಲು ಹಾಳೆ ತೆಗೆದುಕೊಳ್ಳುವುದನ್ನು ಕಲಿತೆ. ಈಗ ಹೇಗೆ ಮಾಡುತ್ತೇನೋ ಹಾಗೇ ಇಲ್ಲಿ ಬರೆದಿದ್ದೇನೆ.

ಹಾಳೆಯ ಮೇಲೆ ಬಾಣಗಳು

ಮಧ್ಯದಲ್ಲಿ ಒಂದು ಚೌಕ ಹಾಕಿ, ಸಿಎಂಎಸ್ ಎಂದು ಬರೆಯಿರಿ. ಸುತ್ತ ಒಂದೊಂದು ಆ್ಯಪ್‌ಗೂ ಒಂದೊಂದು ಚೌಕ. ಈಗ ಬಾಣ ಎಳೆಯಿರಿ. ಬಾಣದ ಮೇಲೆ "ಡೇಟಾ ಹೋಗುತ್ತದೆ" ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ಫೀಲ್ಡ್ ಹೋಗುತ್ತದೆ ಎಂದು ಬರೆಯಬೇಕು. ತಲೆಬರಹ, ಪಠ್ಯ, ಲೇಖಕರ ಹೆಸರು, ಪ್ರಕಟವಾದ ದಿನ, ಹೀಗೆ.

ಆಮೇಲೆ ಪ್ರತಿ ಫೀಲ್ಡಿನ ಪಕ್ಕ ಅದರ ಯಜಮಾನ ಯಾರು ಎಂದು ಬರೆಯಿರಿ. ತಲೆಬರಹದ ಯಜಮಾನ ಸಿಎಂಎಸ್. ಸರ್ಚ್ ಆ್ಯಪ್ ಅದನ್ನು ಓದಬಹುದು, ತಿದ್ದುವ ಹಾಗಿಲ್ಲ. "ಓದಲು 6 ನಿಮಿಷ" ಎಂಬ ಫೀಲ್ಡಿನ ಯಜಮಾನ ಅದನ್ನು ಲೆಕ್ಕ ಹಾಕುವ ಆ್ಯಪ್. ಸಂಪಾದಕರು ಅದನ್ನು ಮುಟ್ಟುವ ಹಾಗಿಲ್ಲ, ಸಾಧ್ಯವಾದರೆ ಅವರ ಪರದೆಯಲ್ಲಿ ಅದನ್ನು ಲಾಕ್ ಮಾಡಿಡಿ. ಚಂದಾದಾರರ ಇಮೇಲ್ ವಿಳಾಸದ ಯಜಮಾನ ನ್ಯೂಸ್‌ಲೆಟರ್ ಆ್ಯಪ್. ಅದು ಸಿಎಂಎಸ್‌ಗೆ ಬರುವ ಅಗತ್ಯವೇ ಇಲ್ಲ.

ಒಂದು ಫೀಲ್ಡಿಗೆ ಇಬ್ಬರು ಯಜಮಾನರು ಬಂದರೆ ಅಲ್ಲಿ ಪೆನ್ನು ನಿಲ್ಲಿಸಿ. ಎರಡೂ ತುದಿಯಲ್ಲಿ ಮೂತಿ ಇರುವ ಬಾಣ ನೋಡಲು ಚೆಂದ, ಸಾಕುವುದು ಕಷ್ಟ. ಅನುವಾದದ ಟೂಲ್‌ನಲ್ಲಿ ಒಬ್ಬರು ಸಾಲು ತಿದ್ದುತ್ತಾರೆ, ಅದೇ ಹೊತ್ತಿಗೆ ಸಿಎಂಎಸ್‌ನಲ್ಲಿ ಇನ್ನೊಬ್ಬರು ಅದೇ ಸಾಲು ತಿದ್ದುತ್ತಾರೆ. ಯಾರದ್ದು ಉಳಿಯಬೇಕು? ಇದನ್ನು ಕೋಡ್ ತೀರ್ಮಾನಿಸುವುದಿಲ್ಲ, ಡೆಸ್ಕ್ ತೀರ್ಮಾನಿಸಬೇಕು. ನಾವು ಫೀಲ್ಡನ್ನೇ ಎರಡು ಮಾಡಿದೆವು. ಮೂಲ ಪಠ್ಯ ಸಿಎಂಎಸ್‌ನದ್ದು, ಅನುವಾದಿತ ಪಠ್ಯ ಟೂಲ್‌ನದ್ದು. ಜಗಳ ಮುಗಿಯಿತು.

ಇನ್ನೊಂದು ಪ್ರಶ್ನೆಯನ್ನೂ ಹಾಳೆಯ ಮೇಲೇ ಕೇಳಿಕೊಳ್ಳಿ. ಇದು ತಕ್ಷಣ ಆಗಬೇಕಾ, ರಾತ್ರಿ ಒಮ್ಮೆ ಆದರೆ ಸಾಕಾ? ಎಲ್ಲರೂ "ತಕ್ಷಣ" ಎನ್ನುತ್ತಾರೆ. ಸ್ವಲ್ಪ ಒತ್ತಿ ಕೇಳಿದರೆ ಅರ್ಧಕ್ಕರ್ಧ ರಾತ್ರಿ ಸಾಕು ಎಂದು ಒಪ್ಪುತ್ತಾರೆ. ರಾತ್ರಿ ಓಡುವ ಒಂದು ಸರಳ ಸ್ಕ್ರಿಪ್ಟ್ ಬೆಳಿಗ್ಗೆಯವರೆಗೆ ತಪ್ಪು ತಿದ್ದಿಕೊಳ್ಳಲು ಸಮಯ ಕೊಡುತ್ತದೆ.

ನಿಮ್ಮ ಸಿಎಂಎಸ್‌ನ ಮಾರ್ಕೆಟ್‌ಪ್ಲೇಸ್‌ನಲ್ಲಿ ರೆಡಿ ಆ್ಯಪ್ ಇದ್ದರೆ ಅದನ್ನೇ ಹಾಕಿ, ನೀವೇ ಬರೆಯಲು ಹೋಗಬೇಡಿ. ಹಾಕುವಾಗ ಅದು ಕೇಳುವ ಪರ್ಮಿಷನ್‌ಗಳನ್ನು ಮಾತ್ರ ಸಾಲು ಸಾಲಾಗಿ ಓದಿ. ಫೋಟೋ ಚಿಕ್ಕದು ಮಾಡುವ ಆ್ಯಪ್ ಎಲ್ಲ ಬಳಕೆದಾರರ ಪಟ್ಟಿ ಯಾಕೆ ಕೇಳುತ್ತದೆ?

ಕೀಗಳು

ಎಲ್ಲ ಕೀಗಳೂ ಒಂದೇ ಅಲ್ಲ. ಕಂಟೆಂಟ್‌ಫುಲ್ ಎಂಬ ಸಿಎಂಎಸ್ ಅನ್ನೇ ತೆಗೆದುಕೊಳ್ಳಿ. ಪ್ರಕಟವಾದದ್ದನ್ನು ಓದಲು ಡೆಲಿವರಿ ಎಪಿಐ, ಡ್ರಾಫ್ಟ್ ನೋಡಲು ಪ್ರಿವ್ಯೂ ಎಪಿಐ, ಬರೆಯಲು ಮ್ಯಾನೇಜ್‌ಮೆಂಟ್ ಎಪಿಐ. ಮೂರಕ್ಕೂ ಬೇರೆ ಬೇರೆ ಟೋಕನ್, ಅಂದರೆ ಕೀ. ಆಲ್ಗೋಲಿಯಾದಂಥ ಸರ್ಚ್ ಸೇವೆಯಲ್ಲಿ ಹುಡುಕಲು ಮಾತ್ರ ಬರುವ ಕೀ ಒಂದು, ಎಲ್ಲವನ್ನೂ ಮಾಡಬಲ್ಲ ಅಡ್ಮಿನ್ ಕೀ ಇನ್ನೊಂದು. ಹುಡುಕುವ ಕೀ ಬ್ರೌಸರಿಗೆ ಹೋದರೂ ಪರವಾಗಿಲ್ಲ, ಅದು ಇರುವುದೇ ಅದಕ್ಕೆ. ಅಡ್ಮಿನ್ ಕೀ ಹೋದರೆ ನಿಮ್ಮ ಇಂಡೆಕ್ಸನ್ನು (ಹುಡುಕಾಟಕ್ಕೆಂದು ಸೇರಿಸಿಟ್ಟ ದಾಖಲೆಗಳ ಸಂಗ್ರಹ) ಯಾರು ಬೇಕಾದರೂ ಖಾಲಿ ಮಾಡಬಹುದು.

ಹಾಳೆಯ ಮೇಲಿನ ಬಾಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಾಣ ಸಿಎಂಎಸ್‌ನಿಂದ ಹೊರಗೆ ಹೋಗುತ್ತಿದ್ದರೆ ಆ ಆ್ಯಪ್‌ಗೆ ಓದುವ ಕೀ ಸಾಕು. ಒಳಗೆ ಬರುತ್ತಿದ್ದರೆ ಮಾತ್ರ ಬರೆಯುವ ಕೀ. ಒಂದು ಬಾಣಕ್ಕೆ ಒಂದು ಕೀ. ಒಂದೇ ಕೀಯನ್ನು ಐದು ಆ್ಯಪ್‌ಗೆ ಕೊಟ್ಟರೆ ಒಂದರಲ್ಲಿ ಸೋರಿದ ದಿನ ಐದನ್ನೂ ನಿಲ್ಲಿಸಬೇಕಾಗುತ್ತದೆ.

ವರ್ಡ್‌ಪ್ರೆಸ್ ಬಳಸುವವರಿಗೆ ಒಂದು ಮಾತು. 2020ರ ಡಿಸೆಂಬರ್‌ನಲ್ಲಿ ಬಂದ 5.6 ಆವೃತ್ತಿಯಿಂದ ಅದರಲ್ಲೇ ಅಪ್ಲಿಕೇಶನ್ ಪಾಸ್‌ವರ್ಡ್ ಎಂಬ ಸೌಲಭ್ಯ ಇದೆ. ಆ್ಯಪ್‌ಗೆ ನಿಮ್ಮ ಲಾಗಿನ್ ಪಾಸ್‌ವರ್ಡ್ ಕೊಡಬೇಕಿಲ್ಲ, 24 ಅಕ್ಷರದ ಪ್ರತ್ಯೇಕ ಪಾಸ್‌ವರ್ಡ್ ಮಾಡಿಕೊಡಬಹುದು. ಬೇಡ ಎನಿಸಿದಾಗ ಅದೊಂದನ್ನೇ ರದ್ದು ಮಾಡಬಹುದು. ಇಷ್ಟಾದರೂ ಇನ್ನೂ ಅಡ್ಮಿನ್ ಪಾಸ್‌ವರ್ಡನ್ನೇ ಚಾಟ್‌ನಲ್ಲಿ ಕಳಿಸುವವರನ್ನು ನೋಡಿದ್ದೇನೆ.

ಟೋಕನ್ ಯಾರ ಹೆಸರಿನಲ್ಲಿದೆ ಎನ್ನುವುದೂ ಮುಖ್ಯ. ನಮ್ಮಲ್ಲಿ ಒಬ್ಬರು ಕೆಲಸ ಬಿಟ್ಟರು, ಅವರ ಅಕೌಂಟ್ ಮುಚ್ಚಿದರು, ಅದೇ ಸಂಜೆ ನ್ಯೂಸ್‌ಲೆಟರ್ ನಿಂತಿತು. ಟೋಕನ್ ಅವರ ಸ್ವಂತ ಅಕೌಂಟಿನಿಂದ ಮಾಡಿದ್ದಾಗಿತ್ತು. ಆಗಿನಿಂದ ಒಂದೊಂದು ಜೋಡಣೆಗೂ ಒಂದು ರೋಬೋ ಅಕೌಂಟ್ ಇಟ್ಟಿದ್ದೇನೆ. "ಸರ್ಚ್ ರೋಬೋ", "ನ್ಯೂಸ್‌ಲೆಟರ್ ರೋಬೋ". ಇದರಲ್ಲಿ ಇನ್ನೊಂದು ಲಾಭ. ಎಂಟ್ರಿಯ, ಅಂದರೆ ಸಿಎಂಎಸ್‌ನಲ್ಲಿರುವ ಒಂದೊಂದು ದಾಖಲೆಯ, ಇತಿಹಾಸ ತೆರೆದರೆ ಯಾವ ಬದಲಾವಣೆ ಮನುಷ್ಯರದ್ದು, ಯಾವುದು ಯಂತ್ರದ್ದು ಎಂದು ಕೂಡಲೇ ಗೊತ್ತಾಗುತ್ತದೆ.

ಕೀಯನ್ನು ಕೋಡ್‌ನಲ್ಲಿ ಬರೆಯಬೇಡಿ. ಕೋಡಿನ ಹೊರಗೆ, ಸರ್ವರ್‌ನ ಸೆಟ್ಟಿಂಗ್ ಆದ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲೋ ಗುಟ್ಟು ಕಾಯುವ ಸೀಕ್ರೆಟ್ ಮ್ಯಾನೇಜರ್‌ನಲ್ಲೋ ಇಡಿ. ಒಮ್ಮೆ ಗಿಟ್‌ಗೆ (ಕೋಡಿನ ಹಳೆಯ ಆವೃತ್ತಿಗಳನ್ನೆಲ್ಲ ಉಳಿಸಿಡುವ ವ್ಯವಸ್ಥೆ) ಹೋದ ಕೀಯನ್ನು ಮುಂದಿನ ಕಮಿಟ್‌ನಲ್ಲಿ, ಅಂದರೆ ಮುಂದಿನ ಬದಲಾವಣೆಯಲ್ಲಿ, ಅಳಿಸಿದರೆ ಸಾಲದು, ಹಳೆಯ ಇತಿಹಾಸದಲ್ಲಿ ಅದು ಕೂತೇ ಇರುತ್ತದೆ. ಹೋಯಿತು ಎಂದರೆ ಹೋಯಿತು, ಕೀಯನ್ನೇ ಬದಲಿಸಿ.

ಕೆಲವು ಆ್ಯಪ್‌ಗಳು ಕೀ ಬದಲು ಓಆತ್ ಬಳಸುತ್ತವೆ. "ಈ ಆ್ಯಪ್‌ಗೆ ಅನುಮತಿ ಕೊಡುತ್ತೀರಾ?" ಎಂದು ಕೇಳುವ ಪರದೆ ಬರುತ್ತದಲ್ಲ, ಅದೇ. 2012ರಲ್ಲಿ ಬಂದ ಓಆತ್ 2.0 ಈಗ ಎಲ್ಲ ಕಡೆ ಇದೆ. ಇಲ್ಲಿ ಎರಡು ಟೋಕನ್ ಸಿಗಬಹುದು. ಆಕ್ಸೆಸ್ ಟೋಕನ್ ಬೇಗ ಸಾಯುತ್ತದೆ, ರಿಫ್ರೆಶ್ ಟೋಕನ್ ಕೊಟ್ಟು ಹೊಸದು ಪಡೆಯಬೇಕು. ಕೆಲವು ಸೇವೆಗಳು ಆಗ ರಿಫ್ರೆಶ್ ಟೋಕನ್ ಅನ್ನೂ ಹೊಸದು ಕೊಡುತ್ತವೆ, ಅದನ್ನು ಉಳಿಸಿಕೊಳ್ಳದಿದ್ದರೆ ಮುಂದಿನ ಸಲ ಬಾಗಿಲು ಮುಚ್ಚಿರುತ್ತದೆ. ಗೂಗಲ್ ಶೀಟ್ಸ್ ಜೋಡಿಸುವವರು ಇದನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಆ್ಯಪ್ ಗೂಗಲ್‌ನಲ್ಲಿ "ಟೆಸ್ಟಿಂಗ್" ಸ್ಥಿತಿಯಲ್ಲೇ ಉಳಿದಿದ್ದರೆ ಶೀಟ್ಸ್ ಓದಲು ಬರೆಯಲು ಪಡೆದ ರಿಫ್ರೆಶ್ ಟೋಕನ್ 7 ದಿನಕ್ಕೆ ಮುಗಿಯುತ್ತದೆ. ಸರಿಯಾಗಿ ವಾರಕ್ಕೊಮ್ಮೆ ನಿಲ್ಲುತ್ತಿದೆ ಎಂದರೆ ಮೊದಲು ಅಲ್ಲಿ ನೋಡಿ.

ಓದುವಾಗ: ಸರಿಯಾಗಿ 100

ಓದುವ ಬಾಣ ಸುಲಭ. ಒಂದೇ ಒಂದು ಗುಂಡಿ ಇದೆ ದಾರಿಯಲ್ಲಿ. ಎಪಿಐ ನಿಮಗೆ ಎಲ್ಲ ಎಂಟ್ರಿಗಳನ್ನೂ ಒಮ್ಮೆಗೇ ಕೊಡುವುದಿಲ್ಲ, ಪುಟ ಪುಟವಾಗಿ ಕೊಡುತ್ತದೆ. ವರ್ಡ್‌ಪ್ರೆಸ್‌ನ ರೆಸ್ಟ್ ಎಪಿಐ ಕೇಳದಿದ್ದರೆ 10 ಕೊಡುತ್ತದೆ, ಕೇಳಿದರೂ ಒಂದು ಪುಟಕ್ಕೆ 100ಕ್ಕಿಂತ ಜಾಸ್ತಿ ಇಲ್ಲ. ಕಂಟೆಂಟ್‌ಫುಲ್ ಸುಮ್ನೆ ಕೇಳಿದರೆ 100, ಹೆಚ್ಚೆಂದರೆ 1000.

ಸರ್ಚ್ ಜೋಡಿಸಿ ಇಂಡೆಕ್ಸ್ ತೆರೆದಾಗ ಅಲ್ಲಿ ಸರಿಯಾಗಿ 100 ದಾಖಲೆ ಕಂಡರೆ ಖುಷಿಪಡಬೇಡಿ. ದುಂಡನೆಯ ಸಂಖ್ಯೆ ಕಂಡಲ್ಲೆಲ್ಲ ನನಗೆ ಅನುಮಾನ. ಎರಡನೇ ಪುಟ ಕೇಳುವುದನ್ನು ನೀವು ಮರೆತಿರುತ್ತೀರಿ.

ಬರೆಯುವಾಗ: ಲೇಖಕರ ಹೆಸರು ಹೋದ ಕಥೆ

ಹನ್ನೊಂದು ದಿನ ನನ್ನ ಕೋಡ್ ಬರೀ ಓದುತ್ತಿತ್ತು. ಹನ್ನೆರಡನೇ ದಿನದ ಹಿಂದಿನ ರಾತ್ರಿ ನಾನು ಮೊದಲ ಬರೆಯುವ ಬಾಣ ಹಾಕಿದ್ದೆ. ಕೆಲಸ ಸಣ್ಣದು. ಹಳೆಯ ಲೇಖನಗಳಿಗೆಲ್ಲ "ಓದಲು ಎಷ್ಟು ನಿಮಿಷ" ಎಂಬ ಫೀಲ್ಡ್ ತುಂಬಬೇಕು. ಪಠ್ಯ ಓದು, ಪದ ಎಣಿಸು, ನಿಮಿಷ ಬರೆ.

ಬೇಗ ಆಗಲಿ ಎಂದು ಎಲ್ಲ ಫೀಲ್ಡ್ ತರಿಸಿಕೊಳ್ಳಲಿಲ್ಲ. ತಲೆಬರಹ, ಪಠ್ಯ, ದಿನಾಂಕ, ಈ ಮೂರೇ ಸಾಕು ಎಂದೆ. ಬಂದ ಮೂರಕ್ಕೆ ನಿಮಿಷ ಸೇರಿಸಿ ವಾಪಸ್ ಕಳಿಸಿದೆ. ಸಿಎಂಎಸ್ "ಸರಿ" ಎಂದಿತು. 200 ಎಂಬ ಉತ್ತರ, ಲಾಗ್ ತುಂಬ ಹಸಿರು. ನಾನು ನೆಮ್ಮದಿಯಾಗಿ ಮಲಗಿದೆ.

ಆಗಿದ್ದು ಇಷ್ಟು. ನಾನು ಬಳಸಿದ್ದು ಪುಟ್ ಎಂಬ ವಿಧಾನ. ಅದರ ಅರ್ಥ "ಈ ಎಂಟ್ರಿ ಇನ್ನು ಮುಂದೆ ಹೀಗಿರಲಿ" ಎಂದು. "ಇದೊಂದನ್ನು ಸೇರಿಸು" ಎಂದಲ್ಲ. ನಾನು ಕಳಿಸದ ಫೀಲ್ಡ್‌ಗಳೆಲ್ಲ, ಅಂದರೆ ಲೇಖಕರ ಹೆಸರು, ಟ್ಯಾಗ್, ಫೋಟೋ ಅಡಿಬರಹ, ಬೇಡವೆಂದು ನಾನೇ ಹೇಳಿದ ಹಾಗಾಯಿತು. ಯಂತ್ರ ಹೇಳಿದಂತೆ ಕೇಳಿತು, ಪಾಪ. 140 ಲೇಖನಗಳನ್ನು ಹಳೆಯ ಆವೃತ್ತಿಯಿಂದ ವಾಪಸ್ ತರುವ ಹೊತ್ತಿಗೆ ಸಂಜೆಯಾಗಿತ್ತು.

ಆದ್ದರಿಂದ ಬರೆಯುವ ಮೊದಲು ನಿಮ್ಮ ಸಿಎಂಎಸ್‌ನ ಡಾಕ್ಯುಮೆಂಟೇಶನ್‌ನಲ್ಲಿ ಒಂದೇ ಒಂದು ವಿಷಯ ಹುಡುಕಿ. ಅಪ್‌ಡೇಟ್ ಎಂದರೆ ಇಡೀ ಎಂಟ್ರಿ ಬದಲಾಗುತ್ತದಾ, ಕಳಿಸಿದ ಫೀಲ್ಡ್ ಮಾತ್ರ ಬದಲಾಗುತ್ತದಾ? ಇಡೀ ಎಂಟ್ರಿ ಎಂದಿದ್ದರೆ ಮೊದಲು ಪೂರ್ತಿ ತರಿಸಿಕೊಳ್ಳಿ, ನಿಮ್ಮದೊಂದನ್ನು ಬದಲಿಸಿ, ಪೂರ್ತಿ ವಾಪಸ್ ಕಳಿಸಿ. ಪ್ಯಾಚ್ ಎಂಬ ವಿಧಾನ ಇದ್ದರೆ ಅದನ್ನೇ ಬಳಸಿ, ಅದು ಹೇಳಿದ ತುಣುಕನ್ನು ಮಾತ್ರ ಬದಲಿಸುತ್ತದೆ.

ನೀವು ತರಿಸಿಕೊಂಡು ವಾಪಸ್ ಕಳಿಸುವ ನಡುವೆ ಸಂಪಾದಕರು ಏನಾದರೂ ತಿದ್ದಿದರೆ? ಅದಕ್ಕೇ ಆವೃತ್ತಿ ಸಂಖ್ಯೆ ಇರುವುದು. ಕಂಟೆಂಟ್‌ಫುಲ್‌ನಲ್ಲಿ ಬದಲಾವಣೆ ಕಳಿಸುವಾಗ ನೀವು ನೋಡಿದ ಆವೃತ್ತಿಯ ಸಂಖ್ಯೆಯನ್ನೂ ಜೊತೆಗೆ ಕಳಿಸಬೇಕು. ಅಷ್ಟರಲ್ಲಿ ಅದು ಬದಲಾಗಿದ್ದರೆ 409 ಎಂಬ ಉತ್ತರ ಬರುತ್ತದೆ. 409 ಬಂದರೆ ಅದೇ ಡೇಟಾವನ್ನು ಮತ್ತೆ ತಳ್ಳಬೇಡಿ. ಹೊಸದಾಗಿ ಓದಿ, ಮತ್ತೆ ಸೇರಿಸಿ, ಆಮೇಲೆ ಕಳಿಸಿ.

ಮತ್ತೊಂದು ವಿಷಯ. ಉಳಿಸುವುದು ಬೇರೆ, ಪ್ರಕಟಿಸುವುದು ಬೇರೆ. ಅನೇಕ ಸಿಎಂಎಸ್‌ಗಳಲ್ಲಿ ಎಪಿಐ ಮೂಲಕ ಬರೆದದ್ದು ಡ್ರಾಫ್ಟಾಗಿ ಕೂರುತ್ತದೆ, ಪಬ್ಲಿಷ್ ಮಾಡಲು ಇನ್ನೊಂದು ಕರೆ ಬೇಕು. ರೋಬೋಗೆ ಪಬ್ಲಿಷ್ ಮಾಡುವ ಅಧಿಕಾರ ಕೊಡಲು ನನಗೆ ಇಷ್ಟವಿಲ್ಲ. ಸಂಪಾದಕರು ಅರ್ಧ ತಿದ್ದಿ ಇಟ್ಟ ಡ್ರಾಫ್ಟನ್ನೂ ಅದು ತನ್ನ ನಿಮಿಷದ ಜೊತೆ ಪ್ರಕಟಿಸಿಬಿಡುತ್ತದೆ. ಯಂತ್ರದ ಫೀಲ್ಡ್‌ಗಳನ್ನು ಬೇರೆಯದೇ ಎಂಟ್ರಿಯಲ್ಲಿ ಇಟ್ಟು ಲೇಖನಕ್ಕೆ ಲಿಂಕ್ ಮಾಡಿದರೆ ಈ ತಾಪತ್ರಯ ಇಲ್ಲ. ಈಗ ನಾವು ಹಾಗೇ ಮಾಡುತ್ತೇವೆ.

ವೆಬ್‌ಹುಕ್

"ಏನಾದರೂ ಹೊಸದಿದೆಯಾ?" ಎಂದು ಆ್ಯಪ್ ನಿಮಿಷಕ್ಕೊಮ್ಮೆ ಸಿಎಂಎಸ್ ಬಾಗಿಲು ತಟ್ಟುವ ಬದಲು, ಹೊಸದು ಬಂದಾಗ ಸಿಎಂಎಸ್‌ನವರೇ ಆ್ಯಪ್‌ನ ಬಾಗಿಲು ತಟ್ಟುವುದು. ವೆಬ್‌ಹುಕ್ ಎಂದರೆ ಇಷ್ಟೇ. ಸಿಎಂಎಸ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸರ್ವರ್‌ನ ವಿಳಾಸ ಕೊಡುತ್ತೀರಿ, ಯಾವ ಘಟನೆಗಳಿಗೆ ಕರೆಯಬೇಕು ಎಂದು ಟಿಕ್ ಹಾಕುತ್ತೀರಿ.

ಟಿಕ್ ಹಾಕುವಾಗ ಎಲ್ಲರೂ "ಪಬ್ಲಿಷ್" ಹಾಕುತ್ತಾರೆ. "ಅನ್‌ಪಬ್ಲಿಷ್" ಮತ್ತು "ಡಿಲೀಟ್" ಮರೆಯುತ್ತಾರೆ. ತಪ್ಪು ಸುದ್ದಿ ಎಂದು ತೆಗೆದುಹಾಕಿದ ಲೇಖನ ಸರ್ಚ್‌ನಲ್ಲಿ ಇನ್ನೂ ಕಾಣಿಸುತ್ತಿದ್ದರೆ ಅದಕ್ಕಿಂತ ಮುಜುಗರ ಬೇರೆ ಇಲ್ಲ.

ನಿಮ್ಮ ಬಾಗಿಲು ಈಗ ಇಂಟರ್‌ನೆಟ್‌ಗೆ ತೆರೆದಿದೆ, ಯಾರು ಬೇಕಾದರೂ ತಟ್ಟಬಹುದು. ಬಂದದ್ದು ಸಿಎಂಎಸ್‌ನಿಂದಲೇ ಎಂದು ಗೊತ್ತಾಗುವುದು ಸಹಿಯಿಂದ. ನೀವೂ ಸಿಎಂಎಸ್‌ನವರೂ ಒಂದು ಗುಟ್ಟಿನ ಪದ ಹಂಚಿಕೊಂಡಿರುತ್ತೀರಿ. ಕಳಿಸುವವರು ಸಂದೇಶವನ್ನೂ ಗುಟ್ಟನ್ನೂ ಸೇರಿಸಿ ಎಚ್‌ಮ್ಯಾಕ್ ಎಂಬ ಲೆಕ್ಕ ಹಾಕಿ, ಬಂದ ಸಹಿಯನ್ನು ಹೆಡರ್‌ನಲ್ಲಿ, ಅಂದರೆ ಸಂದೇಶದ ಜೊತೆ ಬರುವ ಚೀಟಿಯಲ್ಲಿ, ಇಡುತ್ತಾರೆ. ನೀವು ಅದೇ ಲೆಕ್ಕ ಹಾಕಿ ಹೋಲಿಸುತ್ತೀರಿ. ಹೋಲಿಸಲು ಮಾಮೂಲಿ ಸಮ ಚಿಹ್ನೆ ಬಳಸಬೇಡಿ, ಇದಕ್ಕೆಂದೇ ನಿಮ್ಮ ಭಾಷೆಯ ಲೈಬ್ರರಿಯಲ್ಲಿ ಸುರಕ್ಷಿತ ಹೋಲಿಕೆಯ ಫಂಕ್ಷನ್ ಇರುತ್ತದೆ.

ಇಲ್ಲಿ ನಾನು ಎರಡು ದಿನ ಕಳೆದಿದ್ದೇನೆ, ನೀವು ಕಳೆಯಬೇಡಿ. ಟೆಸ್ಟ್ ಮಾಡುವಾಗ ಇಂಗ್ಲಿಷ್‌ನಲ್ಲಿ ಒಂದು ಪುಟ್ಟ ಎಂಟ್ರಿ ಮಾಡಿದ್ದೆ. ಸಹಿ ಹೊಂದಿತು. ಕನ್ನಡದ ಲೇಖನ ಪಬ್ಲಿಷ್ ಮಾಡಿದರೆ ಸಹಿ ತಪ್ಪು. ಮತ್ತೆ ಇಂಗ್ಲಿಷ್ ಎಂಟ್ರಿ, ಸರಿ. ಕನ್ನಡ, ತಪ್ಪು. ನನ್ನ ಕೋಡ್ ಬಂದ ಜೇಸನ್ ಅನ್ನು (ಪ್ರೋಗ್ರಾಂಗಳು ಡೇಟಾ ಕಳಿಸಿಕೊಳ್ಳುವ ಪಠ್ಯರೂಪ) ಬಿಚ್ಚಿ, ಮತ್ತೆ ಜೇಸನ್ ಮಾಡಿ, ಅದರ ಮೇಲೆ ಸಹಿ ಲೆಕ್ಕ ಹಾಕುತ್ತಿತ್ತು. ಅಲ್ಪವಿರಾಮದ ನಂತರದ ಖಾಲಿ ಜಾಗವನ್ನೂ ಅವರ ಹಾಗೆಯೇ ಹೊಂದಿಸಿಕೊಂಡು ಜಾಣತನ ಮಾಡಿದ್ದೆ. ಆದರೆ ನಾನು ಕೋಡ್ ಬರೆದ ಪೈಥಾನ್ ಭಾಷೆಯ ಜೇಸನ್ ಲೈಬ್ರರಿ ಬೇರೆ ಹೇಳದಿದ್ದರೆ ಕನ್ನಡ ಅಕ್ಷರವನ್ನು ಹಾಗೇ ಬರೆಯುವುದಿಲ್ಲ, ಯೂನಿಕೋಡ್ ಸಂಖ್ಯೆಯ ಸಂಕೇತ ಮಾಡಿ ಬರೆಯುತ್ತದೆ. "ಕ" ಇದ್ದಲ್ಲಿ 0ಸಿ95 ಎಂಬ ಸಂಖ್ಯೆ ಇರುವ ಆರು ಅಕ್ಷರದ ಸಂಕೇತ. ಅರ್ಥ ಒಂದೇ, ಬೈಟ್ ಬೇರೆ. ಸಹಿಗೆ ಅರ್ಥ ಬೇಡ, ಬೈಟ್ ಬೇಕು.

ಪರಿಹಾರ ಒಂದೇ ಸಾಲು. ಬಂದ ಸಂದೇಶವನ್ನು ಬಿಚ್ಚುವ ಮೊದಲು, ಬಂದ ಹಾಗೆಯೇ ಇರುವ ಬೈಟ್‌ಗಳ ಮೇಲೆ ಸಹಿ ಲೆಕ್ಕ ಹಾಕಿ. ಬಿಚ್ಚುವುದು ಆಮೇಲೆ. ಇನ್ನೊಂದು, ಟೆಸ್ಟ್ ಎಂಟ್ರಿಯನ್ನು ಕನ್ನಡದಲ್ಲೇ ಬರೆಯಿರಿ.

ಸಹಿ ಸರಿಯಿದ್ದರೆ ತಕ್ಷಣ "ಸಿಕ್ಕಿತು" ಎಂದು ಉತ್ತರ ಕೊಟ್ಟುಬಿಡಿ. ಕೆಲಸವನ್ನು ಕ್ಯೂಗೆ, ಅಂದರೆ ಸರದಿ ಸಾಲಿಗೆ, ಹಾಕಿ ನಿಧಾನಕ್ಕೆ ಮಾಡಿ. ಕಳಿಸುವವರು ಜಾಸ್ತಿ ಹೊತ್ತು ಕಾಯುವುದಿಲ್ಲ. ಸಿಎಂಎಸ್ ಆಚೆಗಿನ ಉದಾಹರಣೆ ಬೇಕೆಂದರೆ, ಕೋಡ್ ಇಡುವ ತಾಣ ಗಿಟ್‌ಹಬ್ ತನ್ನ ವೆಬ್‌ಹುಕ್‌ಗೆ 10 ಸೆಕೆಂಡ್ ಕಾಯುತ್ತದೆ, ಆಫೀಸಿನ ಚಾಟ್ ಆ್ಯಪ್ ಸ್ಲ್ಯಾಕ್ ತನ್ನ ಈವೆಂಟ್‌ಗಳಿಗೆ 3 ಸೆಕೆಂಡ್. ನಿಮ್ಮ ಸಿಎಂಎಸ್‌ನ ಮಿತಿ ಎಷ್ಟು, ಉತ್ತರ ಸಿಗದಿದ್ದರೆ ಮತ್ತೆ ಕಳಿಸುತ್ತದಾ, ಎಷ್ಟು ಸಲ ಕಳಿಸುತ್ತದೆ, ಈ ಮೂರನ್ನು ನೋಡಿ ಹಾಳೆಯ ಮೇಲೆ ಬರೆದಿಡಿ. ಗಿಟ್‌ಹಬ್‌ನವರ ಹಾಗೆ ತಾನಾಗಿ ಮತ್ತೆ ಕಳಿಸದ ಸೇವೆಗಳೂ ಇವೆ.

ಮತ್ತೆ ಕಳಿಸುವ ಸೇವೆಯಾದರೆ ಒಂದೇ ಘಟನೆ ಎರಡು ಸಲ ಬರುತ್ತದೆ. ಸರ್ಚ್ ಇಂಡೆಕ್ಸಿಗೆ ಎರಡು ಸಲ ಬರೆದರೆ ನಷ್ಟವಿಲ್ಲ, ಎಂಟ್ರಿಯ ಐಡಿಯನ್ನೇ ದಾಖಲೆಯ ಐಡಿ ಮಾಡಿದ್ದರೆ ಸಾಕು. ನ್ಯೂಸ್‌ಲೆಟರ್ ಎರಡು ಸಲ ಹೋದರೆ ಓದುಗರು ಸುಮ್ಮನಿರುತ್ತಾರಾ? ಅದಕ್ಕೆ ಪ್ರತಿ ಘಟನೆಯ ಐಡಿ ಬರೆದಿಟ್ಟುಕೊಳ್ಳಿ, ಮೊದಲೇ ಕಂಡಿದ್ದರೆ ಬಿಟ್ಟುಬಿಡಿ. ಕ್ರಮವೂ ತಪ್ಪಬಹುದು. ಮೊದಲು ಪಬ್ಲಿಷ್, ಆಮೇಲೆ ಅನ್‌ಪಬ್ಲಿಷ್ ಆಗಿದ್ದು ನಿಮಗೆ ತಿರುಗಾಮುರುಗ ಬರಬಹುದು. ನಾನು ವೆಬ್‌ಹುಕ್‌ನಲ್ಲಿ ಬಂದ ಪಠ್ಯವನ್ನು ನಂಬುವುದೇ ಇಲ್ಲ. ಅದನ್ನು ಕರೆಗಂಟೆ ಎಂದಷ್ಟೇ ತಿಳಿಯುತ್ತೇನೆ. ಗಂಟೆ ಬಾರಿಸಿದರೆ ಐಡಿ ತೆಗೆದುಕೊಂಡು ಸಿಎಂಎಸ್‌ಗೇ ಹೋಗಿ "ಇದು ಈಗ ಹೇಗಿದೆ?" ಎಂದು ಕೇಳುತ್ತೇನೆ. ಒಂದು ಕರೆ ಜಾಸ್ತಿ ಆಗುತ್ತದೆ, ಆಗಲಿ.

ಕೊನೆಯದು ಸುತ್ತು. ಪಬ್ಲಿಷ್ ಆದರೆ ವೆಬ್‌ಹುಕ್, ವೆಬ್‌ಹುಕ್ ಬಂದರೆ ಆ್ಯಪ್ ನಿಮಿಷ ಬರೆಯುತ್ತದೆ, ಬರೆದು ಪಬ್ಲಿಷ್ ಮಾಡುತ್ತದೆ, ಪಬ್ಲಿಷ್ ಆದರೆ ವೆಬ್‌ಹುಕ್. ಗಾಣದ ಎತ್ತಿನ ಹಾಗೆ ರಾತ್ರಿಯಿಡೀ ತಿರುಗುತ್ತದೆ, ನಿಮ್ಮ ತಿಂಗಳ ಎಪಿಐ ಕೋಟಾ ಬೆಳಗಾಗುವುದರೊಳಗೆ ಮುಗಿಯುತ್ತದೆ. ರೋಬೋ ಮಾಡಿದ ಬದಲಾವಣೆಯಾದರೆ ಬಿಟ್ಟುಬಿಡು ಎಂದು ಬರೆಯುವುದು ಒಂದು ದಾರಿ. ನನಗೆ ಇಷ್ಟವಾದದ್ದು ಇನ್ನೊಂದು. ಬರೆಯಬೇಕಾದ ಬೆಲೆ ಈಗಾಗಲೇ ಅಲ್ಲಿ ಇದ್ದರೆ ಬರೆಯಲೇಬೇಡಿ. 6 ನಿಮಿಷ ಇದ್ದಲ್ಲಿ 6 ನಿಮಿಷ ಮತ್ತೆ ಯಾಕೆ?

ಕನ್ನಡ ಪಠ್ಯ ಗಡಿ ದಾಟುವಾಗ

ಡೆಸ್ಕಿನವಳಾಗಿ ನನಗೆ ತುಂಬಾ ರುಚಿಸಿದ ಭಾಗ ಇದು. ಹೊರಗಿನ ಆ್ಯಪ್ ಮಾಡುವವರು ಹೆಚ್ಚಾಗಿ ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ಅಂದಾಜಿನಲ್ಲಿರುತ್ತಾರೆ. ನಮಗೆ ಹಾಗಲ್ಲ. "ಸ್ತ್ರೀ" ನಮ್ಮ ಕಣ್ಣಿಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು 6 ತುಣುಕು, ಅದನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ 18 ಬೈಟ್. ಒಂದು ದಾಖಲೆ 10 ಕೆಬಿ ದಾಟಬಾರದು ಎಂಬ ಮಿತಿಯಿದ್ದರೆ ಇಂಗ್ಲಿಷ್ ಲೇಖನ ಆರಾಮಾಗಿ ಹಿಡಿಸುತ್ತದೆ, ಕನ್ನಡದ್ದು ಸುಮಾರು 3,400 ತುಣುಕಿಗೇ ತುಂಬುತ್ತದೆ. ಹಾಗಾಗಿ ಸರ್ಚ್‌ಗೆ ಕಳಿಸುವಾಗ ಲೇಖನವನ್ನು ಪ್ಯಾರಾ ಪ್ಯಾರಾ ಒಡೆದು ಕಳಿಸಿ.

ನ್ಯೂಸ್‌ಲೆಟರ್‌ನ ವಿಷಯದ ಸಾಲನ್ನು ಇಷ್ಟೇ ಉದ್ದ ಎಂದು ಕತ್ತರಿಸುವ ಆ್ಯಪ್ "ಸ್ತ್ರೀ" ಮಧ್ಯೆ ಕತ್ತರಿ ಹಾಕಿ "ಸ್ತ್" ಎಂದು ಬಿಡಬಹುದು. ನೀವೇ ಪದದ ಅಂಚಿನಲ್ಲಿ ಕತ್ತರಿಸಿ ಕಳಿಸಿ, ಅವರ ಕತ್ತರಿಗೆ ಕೆಲಸ ಕೊಡಬೇಡಿ.

"ಸಾಫ್ಟ್‌ವೇರ್" ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಅದಿಲ್ಲದಿದ್ದರೆ ವ ಒತ್ತಾಗಿ ಕೆಳಗೆ ಹೋಗಿ "ಸಾಫ್ಟ್ವೇರ್" ಆಗುತ್ತದೆ. ನಮ್ಮ ಸಂಪಾದಕರು ಅದನ್ನು ಹಾಕಿ ಬರೆಯುತ್ತಾರೆ, ಫೋನಿನಲ್ಲಿ ಹುಡುಕುವವರು ಹಾಕದೇ ಹುಡುಕುತ್ತಾರೆ. ಸರ್ಚ್ "ಏನೂ ಸಿಗಲಿಲ್ಲ" ಎನ್ನುತ್ತದೆ. "ಕೊ" ಕಥೆಯೂ ಹೀಗೇ. ಅದರ ಸ್ವರ ಚಿಹ್ನೆ ಒಂದೇ ತುಣುಕಾಗಿಯೂ ಇರಬಹುದು, ಎರಡು ತುಣುಕು ಸೇರಿಯೂ ಇರಬಹುದು. ನೋಡಲು ಎರಡೂ ಒಂದೇ.

ನಾನು ಮಾಡುವುದು ಹೀಗೆ. ತೋರಿಸುವ ಪಠ್ಯವನ್ನು ಮುಟ್ಟುವುದಿಲ್ಲ. ಹುಡುಕಲಿಕ್ಕೆಂದು ಬೇರೆ ಫೀಲ್ಡ್ ಮಾಡಿ, ಅದರಲ್ಲಿ ಕಾಣದ ಅಕ್ಷರ ತೆಗೆದು, ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ತುಣುಕುಗಳನ್ನು ಒಂದೇ ಬಗೆಯಲ್ಲಿ ಬರೆಯುವ ರೂಪಕ್ಕೆ, ತಂದು ಕಳಿಸುತ್ತೇನೆ. ಓದುಗರು ಟೈಪ್ ಮಾಡಿದ್ದಕ್ಕೂ ಅದೇ ಶುದ್ಧಿ ಮಾಡುತ್ತೇನೆ. ಎರಡೂ ಕಡೆ ಮಾಡಬೇಕು, ಒಂದೇ ಕಡೆ ಮಾಡಿದರೆ ಮೊದಲಿಗಿಂತ ಕೆಡುತ್ತದೆ.

ಪುಟದ ವಿಳಾಸವನ್ನು ತಲೆಬರಹದಿಂದ ತಾನಾಗಿ ಮಾಡಲು ಬಿಡಬೇಡಿ. ವರ್ಡ್‌ಪ್ರೆಸ್ ವಿಳಾಸದ ತುಣುಕಿಗೆ ಡೇಟಾಬೇಸ್‌ನಲ್ಲಿ 200 ಜಾಗ ಇಟ್ಟಿದೆ. ಕನ್ನಡದ ಒಂದೊಂದು ತುಣುಕೂ ಶೇಕಡಾ ಚಿಹ್ನೆಯ ಸಂಕೇತವಾಗಿ 9 ಜಾಗ ತಿನ್ನುತ್ತದೆ. 22 ತುಣುಕಿಗೆ ಮುಗಿಯಿತು. ತಲೆಬರಹದ ಬಾಲ ಹೋಗಿರುತ್ತದೆ, ಹೊರಗಿನ ಆ್ಯಪ್ ಪೂರ್ತಿ ತಲೆಬರಹದಿಂದ ಲಿಂಕ್ ಕಟ್ಟಿದರೆ ಅದು ಎಲ್ಲಿಗೂ ಹೋಗುವುದಿಲ್ಲ. ಲಿಂಕನ್ನು ಯಾವಾಗಲೂ ಸಿಎಂಎಸ್‌ನಿಂದಲೇ ಕೇಳಿ ಪಡೆಯಿರಿ.

ಬೈಸಿಕೊಂಡಾಗ ಏನು ಮಾಡಬೇಕು

ಎಪಿಐ ಕೊಡುವ ತಪ್ಪು ಸಂಖ್ಯೆಗಳಲ್ಲಿ ನಾಲ್ಕನ್ನು ಗುರುತಿಟ್ಟುಕೊಂಡರೆ ಮುಕ್ಕಾಲು ಕೆಲಸ ಆಯಿತು. 401 ಎಂದರೆ ನೀನು ಯಾರೆಂದು ಗೊತ್ತಿಲ್ಲ, ಕೀ ತಪ್ಪು ಅಥವಾ ಸತ್ತಿದೆ. 403 ಎಂದರೆ ನೀನು ಯಾರೆಂದು ಗೊತ್ತು, ಆದರೆ ನಿನಗೆ ಇದು ಇಲ್ಲ. ಈ ಎರಡಕ್ಕೂ ಮತ್ತೆ ಮತ್ತೆ ಕೇಳಿ ಉಪಯೋಗವಿಲ್ಲ, ಮನುಷ್ಯರಿಗೆ ತಿಳಿಸಿ. 503 ಎಂದರೆ ಅವರಿಗೇ ಹುಷಾರಿಲ್ಲ. 429 ಎಂದರೆ ನಿಧಾನ ಮಾರಾಯ, ತುಂಬಾ ಕೇಳುತ್ತಿದ್ದೀಯ.

429ರ ಜೊತೆ ಎಷ್ಟು ಸೆಕೆಂಡ್ ಬಿಟ್ಟು ಬಾ ಎಂದು ಹೇಳುವ ರಿಟ್ರೈ-ಆಫ್ಟರ್ ಹೆಡರ್ ಬಂದಿರಬಹುದು. ಬಂದಿದ್ದರೆ ಅಷ್ಟು ಕಾಯಿರಿ. ಇಲ್ಲದಿದ್ದರೆ 1, 2, 4, 8 ಸೆಕೆಂಡ್ ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ, ಜೊತೆಗೆ ಸ್ವಲ್ಪ ಏರುಪೇರು ಸೇರಿಸಿ. ಇಲ್ಲವಾದರೆ ನಿಮ್ಮ ಹತ್ತು ಪ್ರೋಗ್ರಾಂಗಳೂ ಒಂದೇ ಕ್ಷಣಕ್ಕೆ ಎದ್ದು ಒಟ್ಟಿಗೇ ಬಾಗಿಲು ತಟ್ಟುತ್ತವೆ.

ಮೊದಲ ಸಲ ಹಳೆಯ ಲೇಖನಗಳನ್ನೆಲ್ಲ ಕಳಿಸುವ ಮುನ್ನ ಲೆಕ್ಕ ಹಾಕಿ. ಸೆಕೆಂಡಿಗೆ 7 ಕರೆ ಮಿತಿ, 4,000 ಲೇಖನ, ಒಂದಕ್ಕೆ ಓದಲು ಒಂದು ಕರೆ, ಬರೆಯಲು ಒಂದು. 8,000 ಕರೆಗೆ ಸುಮಾರು 19 ನಿಮಿಷ. ಆ 19 ನಿಮಿಷ ಸಂಪಾದಕರ ಪರದೆಯೂ ಅದೇ ಮಿತಿಯೊಳಗೆ ಬರುತ್ತದಾ ಎಂದು ನೋಡಿಕೊಳ್ಳಿ. ನಾನು ಮಿತಿಯ ಅರ್ಧಕ್ಕಿಂತ ಮೇಲೆ ಹೋಗುವುದಿಲ್ಲ.

ಬೇಕಾದ ಫೀಲ್ಡ್‌ಗಳನ್ನಷ್ಟೇ ಕೇಳಿ ಪಡೆಯುವ ಗ್ರಾಫ್‌ಕ್ಯೂಎಲ್ ಬಗೆಯ ಎಪಿಐ ಬಳಸುವವರು ಸಂಖ್ಯೆಯನ್ನಷ್ಟೇ ನೋಡಿ ಕೂರಬೇಡಿ. ಅಲ್ಲಿ 200 ಎಂಬ ಉತ್ತರದ ಹೊಟ್ಟೆಯೊಳಗೇ ತಪ್ಪುಗಳ ಪಟ್ಟಿ ಇರಬಹುದು.

ಲೈವ್ ಮಾಡುವ ಮೊದಲೂ ಆಮೇಲೂ

ಮೊದಲು ಸ್ಟೇಜಿಂಗ್‌ನಲ್ಲಿ, ಅಂದರೆ ಓದುಗರಿಗೆ ಕಾಣದ ಪರೀಕ್ಷಾ ತಾಣದಲ್ಲಿ, ಓಡಿಸಿ. ಸ್ಟೇಜಿಂಗ್‌ನ ಕೀ, ಲೈವ್‌ನ ಕೀ ಬೇರೆ ಬೇರೆ ಇರಲಿ, ಹೆಸರೂ ಬೇರೆ ಇರಲಿ. ನ್ಯೂಸ್‌ಲೆಟರ್ ಆ್ಯಪ್‌ನ ಸ್ಟೇಜಿಂಗ್ ಪಟ್ಟಿಯಲ್ಲಿ ನಿಮ್ಮ ತಂಡದವರ ವಿಳಾಸ ಮಾತ್ರ ಇರಲಿ. ಆಮೇಲೆ ಲೈವ್‌ನಲ್ಲಿ ಒಂದು ಲೇಖನ. ಅದನ್ನು ಸಿಎಂಎಸ್‌ನಲ್ಲಿ ತೆರೆದು ಎಲ್ಲ ಫೀಲ್ಡನ್ನೂ ಕಣ್ಣಾರೆ ನೋಡಿ, ನೀವು ಬದಲಿಸದ ಫೀಲ್ಡ್‌ಗಳನ್ನು ಇನ್ನೂ ಗಮನವಿಟ್ಟು ನೋಡಿ. ಆಮೇಲೆ ಹತ್ತು. ಆಮೇಲೆ ಉಳಿದದ್ದು. ನಾನು ಆ ರಾತ್ರಿ ಒಂದನ್ನು ತೆರೆದು ನೋಡಿದ್ದರೆ ಸಾಕಿತ್ತು.

ವೆಬ್‌ಹುಕ್ ಎಷ್ಟೇ ಚೆನ್ನಾಗಿ ಓಡಿದರೂ ಆಗೊಮ್ಮೆ ಈಗೊಮ್ಮೆ ಒಂದು ಕಳೆದುಹೋಗುತ್ತದೆ. ಅದಕ್ಕೆ ರಾತ್ರಿ ಒಂದು ತಾಳೆ ನೋಡುವ ಸ್ಕ್ರಿಪ್ಟ್ ಇಟ್ಟಿದ್ದೇನೆ. ಸಿಎಂಎಸ್‌ನಲ್ಲಿ ಪ್ರಕಟವಾದ ಎಂಟ್ರಿಗಳ ಐಡಿ ಒಂದು ಕಡೆ, ಇಂಡೆಕ್ಸಿನ ಐಡಿ ಇನ್ನೊಂದು ಕಡೆ. ಇಲ್ಲಿದ್ದು ಅಲ್ಲಿಲ್ಲದ್ದು ಸೇರಿಸುತ್ತದೆ. ಅಲ್ಲಿದ್ದು ಇಲ್ಲಿಲ್ಲದ್ದನ್ನು ಮಾತ್ರ ತಾನಾಗಿ ಅಳಿಸುವುದಿಲ್ಲ, ಪಟ್ಟಿ ಮಾಡಿ ನನಗೆ ಕಳಿಸುತ್ತದೆ. ಸಿಎಂಎಸ್ ಎಂದಾದರೂ ಅರ್ಧ ಪಟ್ಟಿ ಕೊಟ್ಟರೆ ಇಂಡೆಕ್ಸಿನ ಅರ್ಧ ಅಳಿಸಿಹೋಗಬಾರದಲ್ಲ.

ಒಂದೊಂದು ಬಾಣಕ್ಕೂ ಒಂದು ಸ್ವಿಚ್ ಬೇಕು. ಕೋಡ್ ತಿದ್ದದೇ, ಡೆವಲಪರ್‌ನ ಎಬ್ಬಿಸದೇ, ಡೆಸ್ಕಿನವರು ಆಫ್ ಮಾಡುವಂಥದ್ದು. ಅದೆಲ್ಲಿದೆ ಎಂದು ಅವರಿಗೆ ತೋರಿಸಿ, ಒಮ್ಮೆ ಅವರ ಕೈಯಲ್ಲೇ ಒತ್ತಿಸಿ.

ಆ್ಯಪ್ ಒಂದನ್ನು ಬಿಡುವ ದಿನವೂ ಬರುತ್ತದೆ. ಆಗ ಮೊದಲು ಸಿಎಂಎಸ್‌ನ ವೆಬ್‌ಹುಕ್ ತೆಗೆಯಿರಿ. ಕ್ಯೂನಲ್ಲಿ ಉಳಿದ ಕೆಲಸ ಮುಗಿಯಲಿ. ಆಮೇಲೆ ಕೀ ರದ್ದು ಮಾಡಿ, ರೋಬೋ ಅಕೌಂಟ್ ಮುಚ್ಚಿ, ಆ್ಯಪ್‌ನವರ ಕಡೆ ಉಳಿದ ಡೇಟಾ ಅಳಿಸಲು ಹೇಳಿ. ಕೀ ಮೊದಲು ಕಿತ್ತರೆ ಕ್ಯೂ ತುಂಬ 401 ತುಂಬಿಕೊಂಡು ಯಾರೋ ರಾತ್ರಿ ನಿಮಗೆ ಫೋನ್ ಮಾಡುತ್ತಾರೆ. ಇಷ್ಟಾದ ಮೇಲೆ ಹಾಳೆಯ ಮೇಲಿನ ಆ ಬಾಣಕ್ಕೆ ಅಡ್ಡಗೆರೆ ಎಳೆದು ತಾರೀಖು ಹಾಕಿಡಿ. ನಮ್ಮ ಹಾಳೆಯಲ್ಲಿ ಈಗ ಏಳು ಬಾಣ ಉಳಿದಿವೆ, ನಾಲ್ಕಕ್ಕೆ ಅಡ್ಡಗೆರೆ ಬಿದ್ದಿದೆ.